ಉಡುತಡಿಗೆ ಹೋದ ಪಾರ್ಸೆಲ್

ಸೊರಬದಿಂದ ಶಿಕಾರಿಪುರಕ್ಕೆ ಓಡುತ್ತಿದ್ದ ಒಂದು ಖಾಸಗಿ ಬಸ್ಸಿನಲ್ಲಿ ತಾಳಗುಂದದ ಮಾಲತೇಶ್ ಕಂಡಕ್ಟರ್ ಆಗಿದ್ದ. ಹೆಸರಿಗೆ ಕಂಡಕ್ಟರ್, ನಿಜಕ್ಕೂ ಆ ದಾರಿಯವರೆಲ್ಲರ ಮನೆಯಾಳು. ಹಾಸ್ಟೆಲ್ಲಿನ ಮಗನಿಗೆ ರೊಟ್ಟಿ ಗಂಟು, ಟ್ರ್ಯಾಕ್ಟರಿನ ಬೇರಿಂಗು, ಬಾಣಂತಿಗೆ ಲೇಹ್ಯ, ಯಾರು ಏನು ಕೊಟ್ಟರೂ ಇಸಿದುಕೊಂಡು ಡ್ರೈವರ್ ಹಿಂದಿನ ಸೀಟಿನಡಿ ತುರುಕುತ್ತಿದ್ದ. ಊರು ಬಂದಾಗ ರಸ್ತೆ ಬದಿಯ ಅಂಗಡಿಗೆ ಕೊಟ್ಟು, ಇದು ಇಂಥವರ ಮನೆಯದು ಎಂದು ಕೂಗಿ ಸೀಟಿ ಊದಿದರೆ ಮುಗಿಯಿತು. ಒಂದು ಗಂಟೂ ಕಳೆದದ್ದಿಲ್ಲ. ಅದಕ್ಕೆ ಅವನು ಕಾಸು ಕೇಳಿದವನಲ್ಲ, ಯಾರಾದರೂ ಕೊಡಲು ಬಂದರೆ ಬೈಯುತ್ತಿದ್ದ ಬೇರೆ.

ಒಂದು ದಿನ ಮಾಲೀಕರು ಬಸ್ಸು ಮಾರಿಬಿಟ್ಟರು. ಜನ ಹತ್ತುವುದೇ ಕಡಿಮೆಯಾಗಿತ್ತು, ಅವರನ್ನು ದೂರಿ ಫಲವಿಲ್ಲ. ಖಾಲಿ ಸೀಟು ಹೊತ್ತು ತಿರುಗಲು ಅವರೇನೂ ಧರ್ಮಛತ್ರ ನಡೆಸುತ್ತಿರಲಿಲ್ಲ. ಆದರೆ ಮಾಲತೇಶನ ಕೈಕಾಲು ಕಟ್ಟಿಹಾಕಿದಂತಾಯಿತು. ಬೆಳಿಗ್ಗೆ ಸ್ನಾನ ಮಾಡಿ, ತಲೆ ಬಾಚಿ, ರಸ್ತೆಗೆ ಬಂದು ನಿಲ್ಲುತ್ತಿದ್ದ. ಹೋಗಿಬರುವ ಬಸ್ಸುಗಳನ್ನು ನೋಡಿ ಮನೆಗೆ ಮರಳುತ್ತಿದ್ದ. ದಾರಿಯುದ್ದಕ್ಕೂ ಪರಿಚಯವಿದ್ದವನಿಗೆ ಒಂದು ಕೆಲಸ ಸಿಗಲಿಲ್ಲವೇ ಎಂದರೆ, ಕೇಳಿದರೆ ತಾನೆ ಸಿಗುವುದು? ಅಷ್ಟು ವರ್ಷ ಎಲ್ಲರೂ ಅವನನ್ನು ಕೇಳಿದವರು. ಈಗ ತಾನು ಕೇಳಲು ಹೋದರೆ ಬೇರೇನೋ ಮಾತಾಡಿ ವಾಪಸಾಗುತ್ತಿದ್ದ.

"ದಿನಾ ರಸ್ತೆ ಕಾಯ್ತೀರಲ್ಲ, ಅದೇನು ಓಡಿಹೋಗುತ್ತಾ?" ಎಂದಳು ಹೆಂಡತಿ ಅರುಣ. ನಗಿಸಲೆಂದು ಅಂದ ಮಾತು. ಅವನು ನಗದಿದ್ದಾಗ ಅವಳಿಗೆ ಹೆದರಿಕೆಯಾಯಿತು.

ಕೆಲಸ ಕಳೆದುಕೊಂಡವರಿಗಾಗಿ ಜಿಲ್ಲೆಯಲ್ಲಿ ಒಂದು ನಿಧಿ ಇಟ್ಟಿದ್ದಾರೆಂಬ ಸುದ್ದಿಯನ್ನು ಮಹಿಳಾ ಸಂಘದ ಸಭೆಯಿಂದ ಅವಳೇ ತಂದಳು. ಕೈಗೆ ಕೊಡುವ ದುಡ್ಡಲ್ಲ ಅದು. ಕೆಲಸವಿಲ್ಲದವನನ್ನು ಯಾರಾದರೂ ಇಟ್ಟುಕೊಂಡರೆ ಆರು ತಿಂಗಳು ಅರ್ಧ ಸಂಬಳ ನಿಧಿಯದು, ಅರ್ಧ ಇಟ್ಟುಕೊಂಡವರದು. ಆಮೇಲೆ ಅವರು ಮೆಚ್ಚಿದರೆ ಕೆಲಸ ಕಾಯಂ, ಮೆಚ್ಚದಿದ್ದರೆ ಮತ್ತೆ ರಸ್ತೆ ಕಾಯುವುದೇ. ಅರುಣ ಗಂಡನನ್ನು ಬಿಡದೆ ಶಿಕಾರಿಪುರಕ್ಕೆ ಕರೆದುಕೊಂಡು ಹೋಗಿ ಹೆಸರು ಬರೆಸಿದಳು.

ಅವನನ್ನು ಇಟ್ಟುಕೊಂಡವರು ಶಿಕಾರಿಪುರದಲ್ಲಿ ಪಾರ್ಸೆಲ್ ಆಫೀಸು ನಡೆಸುವ ನಾಹಿದಾ. ಅವರ ತಂದೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ ಅಂಗಡಿಯಲ್ಲೇ ಈಗ ಸುತ್ತಲ ಹಳ್ಳಿಗಳ ಆನ್‌ಲೈನ್ ಸಾಮಾನೆಲ್ಲ ಬಂದು ಬೀಳುತ್ತಿತ್ತು. ವಯಸ್ಸಿನಲ್ಲಿ ಮಾಲತೇಶನಿಗಿಂತ ಬಹಳ ಚಿಕ್ಕವರು. ಮಾತು ಮಾತ್ರ ಹೈಸ್ಕೂಲಿನ ಹೆಡ್‌ಮಾಸ್ತರರದ್ದು.

"ನೋಡ್ರೀ ಮಾಲತೇಶ್ ಅವ್ರೇ, ಒಂದೇ ರೂಲು. ಯಾರ ಹೆಸರೈತೋ ಅವರ ಮನೆಗೆ ಹೋಗಿ ಕೈಗೇ ಕೊಡಬೇಕು. ಅವರ ಫೋನಿಗೆ ಬಂದಿರೋ ನಂಬರ್ ಕೇಳಿ ಈ ಮೊಬೈಲಿನಾಗೆ ಒತ್ತಬೇಕು. ಅಂಗಡಿ, ಪಕ್ಕದ ಮನೆ, ಎಲ್ಲೂ ಇಡಂಗಿಲ್ಲ. ಅಂಥ ಒಂದು ಕಂಪ್ಲೇಂಟ್ ಬಂದ್ರೂ ಆರು ತಿಂಗಳ ಮ್ಯಾಲೆ ನಾನು ಇಟ್ಕೊಳಾಕಾಗಲ್ಲ."

"ಆಯ್ತು ಮೇಡಂ," ಎಂದ ಮಾಲತೇಶ್. ಹೇಳುವಾಗ ಅವನ ಮನಸ್ಸಿನಲ್ಲಿ ಕಪಟವಿರಲಿಲ್ಲ.

ಆದರೆ ಆಫೀಸಿನ ಬೈಕು ಹತ್ತಿ ಅದೇ ರಸ್ತೆಗೆ ಇಳಿದ ಮೇಲೆ ಹಳೆಯ ರೂಢಿ ಎಲ್ಲಿ ಬಿಡುತ್ತದೆ? ಪಾರ್ಸೆಲ್ಲಿನ ಮನೆಯವರೆಲ್ಲ ಜೋಳದ ಹೊಲದಲ್ಲಿ. ಫೋನ್ ಮಾಡಿ, "ಅಕ್ಕಾ, ಕೆಲಸ ಬಿಟ್ಟು ಬರಬ್ಯಾಡ್ರಿ. ನಂಬರ್ ಹೇಳ್ರಿ ಸಾಕು, ಅಂಗಡೀಲಿ ಇಟ್ಟಿರ್ತೀನಿ," ಎನ್ನುತ್ತಿದ್ದ. ಜನಕ್ಕೂ ಅದೇ ಅನುಕೂಲ. ಮಧ್ಯಾಹ್ನದ ಊಟದ ಹೊತ್ತಿಗೆ ಚೀಲ ಖಾಲಿ.

"ಅದ್ಹೆಂಗ್ರೀ ಇಷ್ಟು ಬೇಗ ಮುಗಿಸ್ತೀರಾ?" ಎಂದು ನಾಹಿದಾ ಖುಷಿಯಾಗಿ ಕೇಳಿದರೆ, "ರೂಟು ಗೊತ್ತಲ್ಲ ಮೇಡಂ," ಎಂದು ಹಲ್ಲು ಕಿರಿಯುತ್ತಿದ್ದ. ಮನೆಯಲ್ಲಿ ಅರುಣ ಮತ್ತೆ ತಮಾಷೆ ಮಾಡತೊಡಗಿದ್ದಳು, ಅವನೂ ಮತ್ತೆ ನಗತೊಡಗಿದ್ದ.

ಐದು ತಿಂಗಳು ಹೀಗೇ ಸಲೀಸಾಗಿ ಕಳೆದ ಮೇಲೆ ಉಡುತಡಿಯ ನಯನಾಳ ಹೆಸರಿಗೆ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಬಂತು. ಅವಳ ಮನೆ ಕೆರೆಯಾಚೆ, ಊರಿನ ಕೊನೆಗೆ. ಫೋನ್ ಮಾಡಿದ. ಅವಳು ಹೊಲದಲ್ಲಿದ್ದಳು, ಸುತ್ತ ಮೆಷಿನ್ನಿನ ಸದ್ದು. ನಂಬರ್ ಹೇಳಿ, "ಮನೇಲಿ ಅಪ್ಪ ಇದಾರೆ," ಎನ್ನುವಷ್ಟರಲ್ಲಿ ಇವನು, "ಸುಬ್ಬಪ್ಪನ ಅಂಗಡೀಲಿ ಇಟ್ಟಿರ್ತೀನವ್ವಾ," ಎಂದು ಫೋನ್ ಇಟ್ಟೇಬಿಟ್ಟ. ಪೆಟ್ಟಿಗೆಯನ್ನು ಅಂಗಡಿಯ ಹಲಗೆಯ ಮೇಲಿಟ್ಟು ಮುಂದಿನ ಊರಿಗೆ ಹೋದ.

ಮುಂದಿನ ವಾರ ಅದೇ ಅಂಗಡಿಯಲ್ಲಿ ಚಹಾ ಕುಡಿಯುವಾಗ ಅಂಗಡಿ ಮುಂದಿನ ಕಟ್ಟೆ ಖಾಲಿಯಿರುವುದು ಕಣ್ಣಿಗೆ ಬಿತ್ತು. ನಯನಾಳ ಅಪ್ಪ ಗುತ್ಯಪ್ಪ ಬೆಳಿಗ್ಗೆಯಾದರೆ ಅಲ್ಲಿ ಕೂತು ಪೇಪರನ್ನು ಗಟ್ಟಿಯಾಗಿ ಓದಿ ಹೇಳುವವರು. ಓದುವುದಕ್ಕಿಂತ ಬೈಯುವುದೇ ಹೆಚ್ಚು, ಅದನ್ನು ಕೇಳಲೆಂದೇ ಜನ ಸೇರುತ್ತಿದ್ದರು.

"ಗುತ್ಯಪ್ಪಣ್ಣ ಎಲ್ಲಿ?" ಎಂದು ಕೇಳಿದ.

ಅಂಗಡಿಯ ಸುಬ್ಬಪ್ಪ ದನಿ ತಗ್ಗಿಸಿದ. "ನೀ ಅವತ್ತು ಇಟ್ಟು ಹೋದ್ಯಲ್ಲ ಬಾಕ್ಸು, ಅದರ ಮ್ಯಾಲೆ ಚಿತ್ರ ಇತ್ತು ಮಾರಾಯ. ದೊಡ್ಡೋರು ಹಾಕ್ಕೊಳೋ ಡೈಪರಂತೆ. ಆಪರೇಷನ್ ಆದಾಗಿಂದ ಅಣ್ಣಂಗೆ ಮೂತ್ರ ನಿಲ್ತಿರ್ಲಿಲ್ಲಂತೆ. ನಮಗ್ಯಾರಿಗೂ ಗೊತ್ತೇ ಇರ್ಲಿಲ್ಲ. ಕಟ್ಟೆ ಮ್ಯಾಲಿದ್ದೋರು ಬಾಕ್ಸ್ ತಿರುಗಿಸಿ ನೋಡಿ ನಗಾಡ್ತಿದ್ರು. ಸರಿಯಾಗಿ ಅದೇ ಹೊತ್ತಿಗೆ ಅವರೇ ಬರಬೇಕಾ? ಒಂದು ಮಾತಾಡಲಿಲ್ಲ. ಹೆಗಲ ಮ್ಯಾಲೆ ಹೊತ್ಕೊಂಡು ಹೋದ್ರು. ಆಮ್ಯಾಲೆ ಈ ಕಡೆ ತಲೆ ಹಾಕಿಲ್ಲ."

ಮಾಲತೇಶ್ ಚಹಾದ ಲೋಟ ಕೆಳಗಿಟ್ಟ. ಪೆಟ್ಟಿಗೆಯ ಮೇಲಿನ ವಿಳಾಸ ಬಿಟ್ಟು ಬೇರೇನನ್ನೂ ಅವನು ನೋಡಿರಲಿಲ್ಲ. ನೋಡಿದ್ದರೂ ಬಹುಶಃ ಅಲ್ಲೇ ಇಡುತ್ತಿದ್ದನೇನೋ ಎಂದು ಹೊಳೆದಾಗ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಸುಮ್ನಿರ್ರಿ," ಎಂದಳು ಸಂಜೆ ಮನೆಯಲ್ಲಿ ವಿಷಯ ಕೇಳಿದ ಅರುಣ. "ಆ ಹುಡುಗಿ ಕಂಪ್ಲೇಂಟ್ ಕೊಟ್ಟಿಲ್ಲ. ಆರು ತಿಂಗಳು ಇನ್ನೇನು ಮುಗೀತಾ ಬಂತು. ಈಗ ಕೆದಕಿದ್ರೆ ಕೆಲಸ ಹೋಗುತ್ತೆ." ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು? ರಸ್ತೆ ಕಾಯುವ ಗಂಡನನ್ನು ಕಂಡವಳು ಅವಳು. ಮಾಲತೇಶ್ ಎರಡು ದಿನ ಸುಮ್ಮನಿದ್ದ. ಮೂರನೆಯ ದಿನ ಕೆರೆಯಾಚೆಯ ಮನೆಗೆ ಹೋದ.

ನಯನಾ ಅಂಗಳದಲ್ಲಿ ಜೋಳ ಹರವುತ್ತಿದ್ದಳು. ಇವನನ್ನು ಕಂಡು ಮುಖ ಬಿಗಿದುಕೊಂಡಳು.

"ತಪ್ಪಾಯ್ತವ್ವಾ," ಎಂದ.

"ಮನೇಲಿ ಅಪ್ಪ ಇದಾರೆ ಅಂತ ಹೇಳಿದ್ನಲ್ರೀ? ಮನೆ ತನಕ ಬರೋಕೆ ನಿಮಗೇನು ಕಾಲು ನೋವಾ? ಅವತ್ತೇ ಕಂಪ್ಲೇಂಟ್ ಮಾಡ್ತಿದ್ದೆ. ಅಪ್ಪನೇ ಬ್ಯಾಡ ಅಂದ್ರು, ಅದಕ್ಕೆ ಸುಮ್ನಿದೀನಿ."

ಒಳಗೆ ಮಂಚ ಕಿರುಗುಟ್ಟಿತು, ಯಾರೂ ಹೊರಗೆ ಬರಲಿಲ್ಲ. ತನ್ನ ಹೊಟ್ಟೆಪಾಡಿನ ಮೇಲೆ ಕರುಣೆಯಿಟ್ಟು ಗುತ್ಯಪ್ಪ ಮಗಳನ್ನು ತಡೆದಿದ್ದಾರೆಂದು ಮಾಲತೇಶ್ ತಿಳಿದ. ಅಂಥ ದೊಡ್ಡ ಮನಸ್ಸಿನ ಮರೆಯಲ್ಲಿ ಅವಿತು ಕೆಲಸ ಉಳಿಸಿಕೊಳ್ಳುವುದು ಅವನಿಗೆ ಸರಿಬರಲಿಲ್ಲ. ನೇರ ಶಿಕಾರಿಪುರಕ್ಕೆ ಹೋಗಿ ನಾಹಿದಾರ ಮುಂದೆ ನಿಂತು ಎಲ್ಲವನ್ನೂ ಹೇಳಿಬಿಟ್ಟ.

"ಅಂದ್ರೆ ಇಷ್ಟು ದಿನ ಬೇಗ ಮುಗಿಸಿ ಬರ್ತಿದ್ದಿದ್ದು ಹಿಂಗಾ?" ಎಂದರು ನಾಹಿದಾ.

"ಹೌದು ಮೇಡಂ."

ಅವರು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. "ನಿಮ್ಮ ಬಗ್ಗೆ ನಿಧಿಯವರಿಗೆ ನಾನು ಈ ವಾರ ಹೇಳಬೇಕು. ನಾಳೆ ಬರ್ರಿ," ಎಂದಷ್ಟೇ ಹೇಳಿ ಬೇರೆ ಕೆಲಸಕ್ಕೆ ತಿರುಗಿದರು.

ಮಾರನೆಯ ದಿನ ಬೈಕಿನ ಕೀಲಿಯನ್ನು ಮೇಜಿನ ಮೇಲಿಡಲು ಸಿದ್ಧನಾಗಿಯೇ ಮಾಲತೇಶ್ ಹೋದ. ನಾಹಿದಾ ಕುರ್ಚಿ ತೋರಿಸಿದರು.

"ಆ ಮನೆಯವರ ಕ್ಷಮೆ ಕೇಳೋಣ ಅಂತ ನಿನ್ನೆ ಫೋನ್ ಮಾಡಿದ್ದೆ. ಹಿರಿಯರೇ ಎತ್ತಿದ್ರು. ನಿಮ್ಮನ್ನ ಕೆಲಸದಿಂದ ಬಿಡಿಸ್ತೀನಿ, ಇನ್ಮೇಲೆ ಬೇರೆಯವರ ಕೈಲಿ ಕಳಿಸ್ತೀನಿ ಅಂದೆ."

ಮಾಲತೇಶ್ ತಲೆಯಾಡಿಸಿದ. ಅದು ನ್ಯಾಯವೇ ಎನಿಸಿತು.

"ಅದಕ್ಕೆ ಅವರು ಏನಂದ್ರು ಗೊತ್ತಾ? 'ಬ್ಯಾಡ ತಾಯಿ, ಅವನೇ ಇರ್ಲಿ. ಅವನಿಗೆ ಹೆಂಗೂ ಗೊತ್ತಾಗೈತೆ. ಹೊಸಬನ್ನ ಕಳಿಸಿದ್ರೆ ಇನ್ನೊಬ್ಬನಿಗೆ ಗೊತ್ತಾಗುತ್ತೆ,' ಅಂದ್ರು."

ನಾಹಿದಾ, "ನಿಮ್ಮನ್ನ ಇಟ್ಕೋತೀನಿ ಅಂತ ನಿಧಿಯವರಿಗೆ ಹೇಳಿದೀನಿ," ಎಂದರು.

ಕೆಲಸ ಕಾಯಂ ಆಯಿತು. ಅರುಣಳಿಗೆ ಫೋನ್ ಮಾಡಬೇಕೆಂದು ಮಾಲತೇಶ್ ಹೊರಗೆ ಬಂದ. ಬೈಕಿನ ಪಕ್ಕ ನಿಂತು ಫೋನ್ ತೆಗೆದಾಗ ಹೊಳೆಯಿತು, ಗುತ್ಯಪ್ಪ ಮಗಳನ್ನು ತಡೆದದ್ದು ತನ್ನ ಮೇಲಿನ ಕರುಣೆಗಲ್ಲ, ನಾಚಿಕೆಗೆ. ಪೇಟೆಯ ಜನ ನೋಡುತ್ತಿದ್ದರೂ, ಹಾಡಹಗಲಲ್ಲಿ, ಅವನು ಅತ್ತುಬಿಟ್ಟ.