ರಿಪೇರಿಯಾದ ಮೇಲಿನ ಮೊದಲ ಫೋಟೊ

ನಮ್ಮ ಅಕ್ಕಲಕೋಟೆಯಲ್ಲಿ ಪವಾಡಗಳಿಗೆ ಬರವಿಲ್ಲ. ಗುಡಿಯ ಹತ್ತಿರ ಫೋಟೊ ಸ್ಟುಡಿಯೊ ಇಟ್ಟುಕೊಂಡವನ ಕಿವಿಗೆ ಅವು ದಿನಬೆಳಗಾದರೆ ಬೀಳುತ್ತವೆ. ದೂರದಿಂದ ಬಂದ ಭಕ್ತರು ಫೋಟೊ ತೆಗೆಸಿಕೊಂಡು, ಅದರಲ್ಲಿ ಒಂದು ಬೆಳಕಿನ ಗೆರೆ ಕಂಡರೆ ಸಾಕು, ಅಲ್ಲೇ ಕೈಮುಗಿದು ನಿಲ್ಲುತ್ತಿದ್ದರು. ಅದು ಲೆನ್ಸಿನ ಮೇಲೆ ಕೂತ ಧೂಳಿನ ಪ್ರತಾಪವೆಂದು ನನಗೆ ಗೊತ್ತು. ಬಾಯಿ ಮುಚ್ಚಿಕೊಂಡು ಪ್ರಿಂಟ್ ಹಾಕಿ ಕೊಡುತ್ತಿದ್ದೆ. ಅವರು ಹೋದ ಮೇಲೆ ನಾನೂ ನಮ್ಮಣ್ಣನೂ ಬಿದ್ದು ಬಿದ್ದು ನಗುತ್ತಿದ್ದೆವು. ದೆವ್ವ, ಶಕುನ, ಕನಸು ಯಾವುದಕ್ಕೂ ನಾನು ಸೊಪ್ಪು ಹಾಕಿದವನಲ್ಲ. ಈಗಲೂ ಹಾಕುವುದಿಲ್ಲ ಎಂದು ಹೇಳಹೋದರೆ ನಾಲಿಗೆ ತಡವರಿಸುತ್ತದೆ. ಇದನ್ನು ಓದಿ ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ನಾನೂ ನಂಬುತ್ತಿರಲಿಲ್ಲ.

ಸ್ಟುಡಿಯೊ ಅಣ್ಣನದು. ನಾನು ಅವನ ಹಿಂದೆ ಲೈಟು ಹಿಡಿದು ಕಸುಬು ಕಲಿತವನು. ನಮ್ಮ ಮೂಲ ಊರು ವಾಗದರಿ. ಹೊಲವನ್ನು ನಮ್ಮ ಚಿಕ್ಕಪ್ಪ, ಕಾಕಾ, ನೋಡಿಕೊಳ್ಳುತ್ತಿದ್ದರು, ನಾವಿಬ್ಬರು ಮದುವೆ, ಸೀಮಂತದ ಕುಬಸ, ತೊಟ್ಟಿಲು ಅಂತ ತಾಲೂಕು ತಿರುಗುತ್ತಿದ್ದೆವು. ಇದ್ದದ್ದು ಒಂದೇ ಕ್ಯಾಮೆರಾ, ಅದೂ ಹುಟ್ಟು ರೋಗಿಷ್ಟ. ಇವತ್ತು ಶಟರ್ ಸಿಕ್ಕಿಕೊಂಡರೆ ನಾಳೆ ಒಳಗಿನ ಕನ್ನಡಿ ಮೇಲೆದ್ದದ್ದು ಕೆಳಗಿಳಿಯುವುದಿಲ್ಲ. ಅಣ್ಣ ಅದಕ್ಕೆ ಬಾಯಿಗೆ ಬಂದಂತೆ ಬೈಯುತ್ತ ಸೊಲ್ಲಾಪುರದ ಬಸ್ಸು ಹತ್ತುತ್ತಿದ್ದ.

ಸೊಲ್ಲಾಪುರದ ಪೇಟೆಯ ಒಂದು ಗಲ್ಲಿಯಲ್ಲಿ ರಫೀಕ್ ಭಾಯ್ ಎಂಬ ಕ್ಯಾಮೆರಾ ರಿಪೇರಿಯವನಿದ್ದಾನೆ. ಬಾಯಿ ದೊಡ್ಡದು, ಕೈ ಅಷ್ಟಕ್ಕಷ್ಟೇ. ಒಂದನ್ನು ಸರಿಮಾಡಿ ಇನ್ನೊಂದನ್ನು ಕೆಡಿಸಿ ಕಳಿಸುತ್ತಿದ್ದ. ಆದರೆ ನಮ್ಮ ಹಳೆಯ ಕ್ಯಾಮೆರಾವನ್ನು ಮುಟ್ಟುವವರು ಬೇರೆ ಯಾರೂ ಇರಲಿಲ್ಲ. ಅವನದೊಂದು ಪದ್ಧತಿಯಿತ್ತು. ರಿಪೇರಿ ಮುಗಿದ ಕೂಡಲೇ ಕಾರ್ಡಿನಲ್ಲಿದ್ದದ್ದನ್ನೆಲ್ಲ ಅಳಿಸಿ, ಕೂತ ಕುರ್ಚಿಯಿಂದ ಏಳದೆ, ರಸ್ತೆಯ ಆಚೆ ಬೇವಿನ ಮರದ ಕೆಳಗಿರುವ ಸಿಮೆಂಟ್ ಬೆಂಚಿನದೊಂದು ಫೋಟೊ ಹೊಡೆಯುತ್ತಿದ್ದ. ಕ್ಯಾಮೆರಾ ಚಾಲೂ ಇದೆ ಎಂಬುದಕ್ಕೆ ಗಿರಾಕಿಗೆ ಅದೇ ಸಾಕ್ಷಿ. ಆ ಮೊದಲ ಫೋಟೊವನ್ನು ಕಾರ್ಡಿನಲ್ಲೇ ಬಿಟ್ಟು ಕೊಡುತ್ತಿದ್ದ.

ಅವತ್ತು ಬೆಳಿಗ್ಗೆ ಅಣ್ಣ ಹೊರಟದ್ದು ರಿಪೇರಿಗೆ ಕೊಟ್ಟಿದ್ದ ಕ್ಯಾಮೆರಾ ತರುವುದಕ್ಕೇ. ನೀಲಿ ಚೌಕಡಿ ಅಂಗಿ, ಹೆಗಲಿಗೆ ಖಾಲಿ ಚೀಲ. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ವೈನಿಗೆ, "ರೊಟ್ಟಿ ಬಡದಿಡು, ಉಣ್ಣಾಕ ಬರ್ತೀನಿ" ಎಂದ. ಅಣ್ಣನ ಹೆಂಡತಿಯನ್ನು ನಮ್ಮ ಕಡೆ ವೈನಿ ಎನ್ನುತ್ತೇವೆ. ಬಸ್ಸು ಹತ್ತಿದ್ದನ್ನು ಸ್ಟ್ಯಾಂಡಿನ ಹೂವಿನವಳು ನೋಡಿದ್ದಳು. ಅಷ್ಟೇ. ಉಣ್ಣಲು ಬರಲಿಲ್ಲ, ರಾತ್ರಿಗೂ ಬರಲಿಲ್ಲ, ಮೊಬೈಲ್ ಬಂದ್.

ಹುಡುಕಿದ್ದನ್ನು ಏನಂತ ಬರೆಯಲಿ? ಸೊಲ್ಲಾಪುರದ ಸಿವಿಲ್ ಆಸ್ಪತ್ರೆಯಲ್ಲಿ ಹೆಣದ ಮುಖದ ಮೇಲಿನ ಬಟ್ಟೆ ಸರಿಸಿ ನೋಡಿ, ಅಣ್ಣ ಅಲ್ಲವೆಂದು ಗೊತ್ತಾದಾಗ ಆದ ಸಂತೋಷಕ್ಕೆ ನನಗೇ ನಾಚಿಕೆಯಾಯಿತು. ಸ್ಟೇಷನ್ನು, ಧರ್ಮಶಾಲೆ, ನಮ್ಮೂರ ಅನ್ನಛತ್ರದ ಪಂಗತಿ, ಎಲ್ಲ ಕಡೆ ಅವನ ಫೋಟೊ ಹಿಡಿದು ತಿರುಗಿದೆ. ಜಗಳವಿಲ್ಲ, ಕಾಯಿಲೆಯಿಲ್ಲ, ಮನೆ ಬಿಟ್ಟು ಹೋಗುವಂಥ ಸಿಟ್ಟು ಅವನಿಗೆ ಯಾವತ್ತೂ ಬಂದದ್ದಿಲ್ಲ.

ಕಡೆಗೆ ರಫೀಕ್ ಭಾಯ್‌ನ ಅಂಗಡಿಗೆ ಹೋದೆ. ಅಣ್ಣ ಅಂಗಡಿಗೆ ಬರಲೇ ಇಲ್ಲ ಎಂದು ಆಣೆ ಮಾಡಿ ಹೇಳಿದ, ಕ್ಯಾಮೆರಾ ನನ್ನ ಕೈಗಿಟ್ಟ. ಬಸ್ಸಿನಲ್ಲಿ ಕೂತು ಸುಮ್ಮನೆ ಚಾಲೂ ಮಾಡಿದೆ. ಕಾರ್ಡಿನಲ್ಲಿ ಒಂದೇ ಫೋಟೊ. ಬೇವಿನ ಮರ, ಬೆಂಚು, ಬೆಂಚಿನ ಮೇಲೆ ನೀಲಿ ಚೌಕಡಿ ಅಂಗಿ ತೊಟ್ಟು ತಲೆ ತಗ್ಗಿಸಿ ಕೂತ ನಮ್ಮಣ್ಣ!

ವಳಸಂಗದ ಹತ್ತಿರ ಬಸ್ಸು ನಿಲ್ಲಿಸಿ ಇಳಿದು, ಎದುರು ಬಂದ ಟೆಂಪೊ ಹತ್ತಿ ವಾಪಸ್ ಓಡಿದೆ. ರಫೀಕ್ ಭಾಯ್ ಫೋಟೊ ನೋಡಿ ಬಿಳಿಚಿಕೊಂಡ. "ಭಾವು, ಖುದಾ ಕಸಮ್, ನಾ ಫೋಟೊ ಹೊಡಿಯುವಾಗ ಅಲ್ಲಿ ಯಾರೂ ಇದ್ದಿಲ್ಲ" ಎಂದ. ಫೋಟೊ ಯಾವಾಗಿನದೆಂದು ನೋಡೋಣವೆಂದರೆ, ಆ ದರಿದ್ರ ಕ್ಯಾಮೆರಾದ ಒಳಗಿನ ಸಣ್ಣ ಬ್ಯಾಟರಿ ಸತ್ತು, ಪ್ರತಿ ಸಲ ಬಿಚ್ಚಿದಾಗ ಅದರ ತಾರೀಖು ಕಾರ್ಖಾನೆಯ ಮೊದಲ ದಿನಕ್ಕೆ ಹೋಗಿ ನಿಲ್ಲುತ್ತಿತ್ತು. ಪಕ್ಕದ ಅಂಗಡಿಯ ಸಿಸಿಟಿವಿಯಲ್ಲಿ ಹಳೆಯದು ಉಳಿದಿರಲಿಲ್ಲ. ಪೊಲೀಸ್ ಹವಾಲ್ದಾರ ಫೋಟೊ ನೋಡಿ, ಇಲ್ಲಿತನಕ ಬಂದವನು ತನ್ನ ಮನಸ್ಸಿನಿಂದಲೇ ಎಲ್ಲೋ ಹೋಗಿದ್ದಾನೆ, ಬರುತ್ತಾನೆ ಬಿಡು ಎಂದು ಕೈ ತೊಳೆದುಕೊಂಡ. ಅಣ್ಣ ಕೂತದ್ದು ರಫೀಕ್ ಭಾಯ್ ಕಣ್ಣಿಗೆ ಬಿದ್ದಿರಲಿಕ್ಕಿಲ್ಲವೆಂದು ನಾನೂ ತಿಳಿದೆ. ಇಲ್ಲಿಯವರೆಗೆ ಎಲ್ಲದಕ್ಕೂ ಅರ್ಥವಿತ್ತು.

ದಿನಗಳು ಹೋದವು. ಹೊಟ್ಟೆ ಕೇಳಬೇಕಲ್ಲ, ಅದೇ ಕ್ಯಾಮೆರಾ ಹಿಡಿದು ನಾನೊಬ್ಬನೇ ಕೆಲಸಕ್ಕಿಳಿದೆ. ಚಪಳಗಾಂವದ ಒಂದು ಮದುವೆಯಲ್ಲಿ ಅಕ್ಷತೆ ಬೀಳುವ ಹೊತ್ತಿಗೆ ಸರಿಯಾಗಿ ಶಟರ್ ಸಿಕ್ಕಿಕೊಂಡಿತು. ಒತ್ತಿದೆ, ಬ್ಯಾಟರಿ ತೆಗೆದು ಹಾಕಿದೆ, ಅಂಗೈಯಿಂದ ತಟ್ಟಿದೆ. ಪರದೆ ಕಪ್ಪು. ಮೊಬೈಲಿನಲ್ಲಿ ಹೊಡೆಯಲು ಶುರುಮಾಡಿದಾಗ ಹುಡುಗಿಯ ಸೋದರಮಾವ ಮಂಟಪದಲ್ಲೇ, "ಏ ಫೋಟೊದಾಂವ, ಮೊಬೈಲ್ ನಮ್ಮ ಹಂತೇಕೂ ಅದಾವ! ನಿನ್ನ ಯಾಕ ಕರಸ್ಬೇಕಿತ್ತು?" ಎಂದು ಕೂಗಿದ. ಅವನದೇನು ತಪ್ಪು? ಊಟ ಮಾಡದೆ ಚೀಲ ಹೊತ್ತು ಎದ್ದು ಬಂದೆ. ಈ ಶನಿಯನ್ನು ಮಾರಿಬಿಡೋಣವೆಂದರೆ ವೈನಿ ಒಪ್ಪುತ್ತಿರಲಿಲ್ಲ, ಅದು ಅವರ ಕ್ಯಾಮೆರಾ ಎನ್ನುತ್ತಿದ್ದಳು.

ಮತ್ತೆ ರಫೀಕ್ ಭಾಯ್‌ನ ಅಂಗಡಿ, ಮತ್ತೆ ಅದೇ ಬೆಂಚಿನ ಫೋಟೊ. ಮನೆಗೆ ಬಂದು ವೈನಿಯ ಮುಂದೆ ಕ್ಯಾಮೆರಾ ಚಾಲೂ ಮಾಡಿದೆ. ಫೋಟೊದಲ್ಲಿ ಅಣ್ಣ ಕೂತಿದ್ದ. ಅದೇ ಅಂಗಿ, ಅದೇ ಖಾಲಿ ಚೀಲ. ಹಳೆಯ ಫೋಟೊ ಹೇಗೋ ಉಳಿದುಕೊಂಡಿದೆ ಎಂದೆ. ವೈನಿ ಬೆಂಚಿನ ಮೇಲೆ ಬೆರಳಿಟ್ಟು ತೋರಿಸಿದಳು. ಅದಕ್ಕೆ ಪಕ್ಕದ ಚಹದಂಗಡಿಯವನು ಇತ್ತೀಚೆಗೆ ಹಸಿರು ಬಣ್ಣ ಬಳಿದಿದ್ದ. ಫೋಟೊದಲ್ಲಿ ಬೆಂಚು ಹಸಿರಾಗಿಯೇ ಇತ್ತು. ಅಷ್ಟೇ ಅಲ್ಲ, ಮೊದಲಿನದರಲ್ಲಿ ತಗ್ಗಿಸಿದ್ದ ತಲೆಯನ್ನು ಅಣ್ಣ ಈಗ ಎತ್ತಿದ್ದ. ರಸ್ತೆಯ ಕಡೆ ನೋಡುತ್ತಿದ್ದ.

ಆ ವಾರವೇ ಕಾಕಾ ವಾಗದರಿಯಿಂದ ಬಂದರು. ಕೆಟ್ಟ ಮನುಷ್ಯನಲ್ಲ, ಆದರೆ ಊರ ಬಾಯಿಗೆ ಹೆದರುವವರು. "ಹಿಂಗ ಎಷ್ಟ ದಿನ ಕೂಡೂದು? ದಿನಕರ್ಮ ಮಾಡಿ ಮುಗಸೂಣು. ಮಂದಿ ಏನೇನರೆ ಮಾತಾಡ್ಲಾಕತ್ಯಾರ" ಎಂದರು. ಹಾಗೆ ಮಾಡಿದರೆ ವೈನಿಯ ಬಳೆ ಒಡೆಯಬೇಕು, ಕುಂಕುಮ ಅಳಿಸಬೇಕು. ಅವಳು ಒಳಗೆ ಹೋಗಿ ಕ್ಯಾಮೆರಾ ತಂದು ಅವರ ತೊಡೆಯ ಮೇಲಿಟ್ಟಳು.

"ಸತ್ತಾವ್ರು ತಲಿ ಎತ್ತತಾರೇನ್ರಿ ಮಾವಾರ?"

ಕಾಕಾ ಕನ್ನಡಕ ಹಾಕಿಕೊಂಡು ನೋಡಿದರು, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಚಹ ಕುಡಿಯದೆ ಎದ್ದು ಹೋದರು.

ಮುಂದಿನ ಸಲ ಕನ್ನಡಿ ಸಿಕ್ಕಿಕೊಂಡಾಗ ಇದನ್ನು ಬಗೆಹರಿಸಿಯೇ ಬಿಡುತ್ತೇನೆಂದು ಹಟ ತೊಟ್ಟು ಹೋದೆ. ಹೊಸ ಕಾರ್ಡು ಕೊಂಡು ಪೊಟ್ಟಣ ಒಡೆಯದೆ ಒಯ್ದಿದ್ದೆ, ರಿಪೇರಿ ಮುಗಿದ ಮೇಲೆ ಅದನ್ನೇ ಹಾಕಿಸಿದೆ. ಮಟಮಟ ಮಧ್ಯಾಹ್ನ. ರಫೀಕ್ ಭಾಯ್‌ನ ಭುಜಕ್ಕೆ ಭುಜ ಹಚ್ಚಿ ನಿಂತೆ. ಎದುರಿಗೆ ಬೆಂಚು ಖಾಲಿ. ನಾಯಿ ಕೂಡ ಇರಲಿಲ್ಲ. ಇದನ್ನು ನಾನು ನನ್ನ ಕಣ್ಣಾರೆ ನೋಡಿದ್ದೇನೆ, ಬೇಕಾದರೆ ಯಾರ ಮುಂದೆಯಾದರೂ ಹೇಳುತ್ತೇನೆ. ಅವನು ಒತ್ತಿದ. ಶಟರ್ ಸದ್ದಾಯಿತು. ಪರದೆಯ ಮೇಲೆ ಅಣ್ಣ ಎದ್ದು ನಿಂತಿದ್ದ. ಮೊಣಕಾಲು ನೋವಿಗೆ ಯಾವಾಗಲೂ ಮಾಡುವಂತೆ ಒಂದು ಕೈ ಬೆಂಚಿನ ಮೇಲೆ ಊರಿದ್ದ.

ರಸ್ತೆ ದಾಟಿ ಓಡಿದೆ. ಒಂದು ರಿಕ್ಷಾ ಮೈಮೇಲೆ ಬರುವುದು ಸ್ವಲ್ಪದರಲ್ಲಿ ತಪ್ಪಿತು. ಬೆಂಚಿನ ಮೇಲೆ, ಕೆಳಗೆ, ಮರದ ಹಿಂದೆ ಕೈಯಾಡಿಸಿದೆ. "ಅಣ್ಣಾ" ಎಂದು ಕೂಗಿದೆ. ಚಹದಂಗಡಿಯ ಮಂದಿ ಎದ್ದು ನಿಂತು ನೋಡಿದರು, ನೋಡಲಿ. ವಾಪಸ್ ಬಂದು ಕ್ಯಾಮೆರಾ ಕಸಿದುಕೊಂಡು ನಾನೇ ಹೊಡೆದೆ, ಹೊಡೆಯುತ್ತಲೇ ಹೋದೆ. ಎಲ್ಲದರಲ್ಲೂ ಖಾಲಿ ಬೆಂಚು. ರಿಪೇರಿಯಾದ ಮೇಲಿನ ಮೊದಲ ಫೋಟೊದಲ್ಲಿ ಮಾತ್ರ ಅವನು.

ರಫೀಕ್ ಭಾಯ್ ಕೈಮುಗಿದ. "ನನಗ ಅಂಜಿಕಿ ಬರ್ತದ ಭಾವು. ಇನ್ನ ಇದನ್ನ ಇಲ್ಲಿ ತರಬ್ಯಾಡ್ರಿ."

ವೈನಿಗೆ ತೋರಿಸಬಾರದೆಂದುಕೊಂಡಿದ್ದೆ. ನನ್ನ ಮುಖ ನೋಡಿಯೇ ಅವಳು ಕೈ ಚಾಚಿದಳು. ಬಹಳ ಹೊತ್ತು ನೋಡಿ, "ಎದ್ದಾರ, ತಮ್ಮಾ. ಬರಾಕತ್ತಾರ" ಎಂದಳು. ಅವಳ ಮುಖದ ಮೇಲೆ ಅಂಥ ಕಳೆಯನ್ನು ನಾನು ಅಣ್ಣ ಹೋದಾಗಿನಿಂದ ಕಂಡಿರಲಿಲ್ಲ.

ಅಲ್ಲಿಂದ ಮುಂದೆ ಕ್ಯಾಮೆರಾ ಕೆಡಲೇ ಇಲ್ಲ. ಮದುವೆಯ ಸುಗ್ಗಿ ಪೂರ್ತಿ ಲಗಾಮು ಹಾಕಿದ ಕುದುರೆಯಂತೆ ನಡೆಯಿತು. ವೈನಿ ದಿನಾ ಕೇಳುತ್ತಿದ್ದಳು: "ಯಾವಾಗ ಕೆಡತದೋ ತಮ್ಮಾ ಅದು?" ನಾನು ಕೆಲಸದಿಂದ ಖುಷಿಯಾಗಿ ಬಂದರೆ ಅವಳಿಗೆ ಸಂಕಟ, ಅವಳ ಸಂಕಟ ಕಂಡರೆ ನನಗೆ ಊಟ ಸೇರುತ್ತಿರಲಿಲ್ಲ. ಒಂದು ದಿನ ಸ್ಟುಡಿಯೊದಿಂದ ಬರುವಷ್ಟರಲ್ಲಿ ಅವಳು ಮನೆಯ ಮುಂದಿನ ಕಟ್ಟೆಯ ಮೇಲೆ ನಿಂತಿದ್ದಳು. ಕ್ಯಾಮೆರಾ ಕೆಳಗೆ ಫರಸಿ ಕಲ್ಲಿನ ಮೇಲೆ ಬಿದ್ದಿತ್ತು. ಕೈಜಾರಿತೆಂದು ಹೇಳಬಹುದಿತ್ತು, ಹೇಳಲಿಲ್ಲ.

"ನಾನ ಕೆಡವೀನಿ. ಬೈಬ್ಯಾಡ. ಸೊಲ್ಲಾಪುರಕ ಹೋಗೂಣು ನಡಿ, ನಾನೂ ಬರ್ತೀನಿ."

ಬೈಯುವ ಶಕ್ತಿಯೂ ನನಗಿರಲಿಲ್ಲ. ನನ್ನ ಹೆಂಡತಿ ತವರಿಗೆ ಹೋಗಿದ್ದರಿಂದ ಮನೆಗೆ ಕೀಲಿ ಹಾಕಿ ಇಬ್ಬರೂ ಬಸ್ಸು ಹತ್ತಿದೆವು. ರಫೀಕ್ ಭಾಯ್ ನಮ್ಮನ್ನು ಕಂಡು ಅಂಗಡಿಯ ಬಾಗಿಲು ಎಳೆಯಲು ಎದ್ದ. ವೈನಿ ಹೊಸ್ತಿಲ ಮೇಲೆ ಕೂತುಬಿಟ್ಟಳು. "ಒಂದ ಸಲ ಮಾಡಿಕೊಡ್ರಿ ಚಾಚಾ. ನಿಮ್ಮ ಮಗಳ ಅಂತ ತಿಳೀರಿ" ಎಂದಳು. ಅವನು ಕಣ್ಣೊರೆಸಿಕೊಂಡು ಕ್ಯಾಮೆರಾ ಬಿಚ್ಚಿದ. ಅವಳು ನೀರು ಕುಡಿಯಲಿಲ್ಲ, ಎದ್ದಾಡಲಿಲ್ಲ, ಬೆಂಚಿನಿಂದ ದೃಷ್ಟಿ ತೆಗೆಯಲಿಲ್ಲ. ಕೆಲಸ ಮುಗಿಯುವಾಗ ಬಿಸಿಲು ಇಳಿದಿತ್ತು. ರಫೀಕ್ ಭಾಯ್ ಏನೋ ಗೊಣಗಿಕೊಂಡು ಕಣ್ಣುಮುಚ್ಚಿ ಒತ್ತಿದ.

ಫೋಟೊದಲ್ಲಿ ಬೇವಿನ ಮರವಿತ್ತು, ಹಸಿರು ಬೆಂಚಿತ್ತು. ಬೆಂಚು ಖಾಲಿಯಾಗಿತ್ತು.

ಎಲ್ಲ ಮುಗಿಯಿತು, ಇನ್ನು ಇವಳನ್ನು ಹೇಗೆ ಮನೆಗೆ ಕರೆದೊಯ್ಯಲಿ ಎಂದುಕೊಂಡೆ. ವೈನಿ ಪರದೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಆಮೇಲೆ ಗಡಬಡಿಸಿ ಎದ್ದು ಸೆರಗು ಸಿಕ್ಕಿಸಿಕೊಂಡಳು.

"ಹೊಂಟಾರ! ನಡಿ ತಮ್ಮಾ, ಲಗೂನ ನಡಿ. ಮನಿಗಿ ಕೀಲಿ ಹಾಕ್ಕೊಂಡ ಬಂದೀವಿ."

ಬಸ್ಸಿನಲ್ಲಿ ಇಡೀ ದಾರಿ ಅವಳು ಕೀಲಿಕೈಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ಮನೆಯ ಮುಂದೆ ಯಾರೂ ಇರಲಿಲ್ಲ. ಅವಳು ಬಾಗಿಲು ತೆರೆದು, ಒಲೆ ಹೊತ್ತಿಸಿ, ನಮ್ಮಿಬ್ಬರ ಪಾಲಿನ ಜೊತೆ ಇನ್ನೊಂದು ಪಾಲು ರೊಟ್ಟಿ ಬಡಿದಳು.

ಕಾಕಾನಿಗೆ ವಿಷಯ ಗೊತ್ತಾಗಿ ಬಂದು ನನ್ನನ್ನು ಬದಿಗೆ ಕರೆದು, "ಖಾಲಿ ಬೆಂಚ ಅಂದ್ರ ಏನಂತ ನಿನಗ ತಿಳೀವಲ್ದೇನು?" ಎಂದರು. ಎದ್ದವನು ಮನೆಯ ಕಡೆ ಹೊರಟನೋ, ಎಲ್ಲರೂ ಹೋಗುವ ಕಡೆ ಹೊರಟನೋ, ನನಗೆ ಹೇಗೆ ತಿಳಿಯಬೇಕು? ನಾವು ಕೈಯಾರೆ ಕೆಡವದೆ, ಅದು ತಾನಾಗಿ ಕೆಡುವತನಕ ಕಾದಿದ್ದರೆ ಅವನು ಇನ್ನೊಂದು ಹೆಜ್ಜೆ ಈ ಕಡೆ ಇಡುತ್ತಿದ್ದನೋ ಏನೋ. ಯೋಚಿಸಿ ಯೋಚಿಸಿ ತಲೆ ಕೆಟ್ಟುಹೋಗಿದೆ. ಫೋಟೊಗಳು ನನ್ನ ಹತ್ತಿರ ಇವೆ. ತಿಳಿದವರೆನಿಸಿದವರಿಗೆಲ್ಲ ತೋರಿಸಿದ್ದೇನೆ. ನಾನೇ ಕಂಪ್ಯೂಟರಿನಲ್ಲಿ ಕೂಡಿಸಿದ್ದೇನೆ ಎನ್ನುತ್ತಾರೆ. ನನ್ನ ಕಸುಬೇ ಅದಾದ್ದರಿಂದ ತಿರುಗಿ ಏನು ಹೇಳಲಿ?

ಅವತ್ತಿನಿಂದ ನಮ್ಮ ಮನೆಗೆ ಕೀಲಿ ಹಾಕಿಲ್ಲ. ವೈನಿಯ ಬಳೆ ಕೈಯಲ್ಲೇ ಇವೆ. ಮತ್ತು ಆ ಕ್ಯಾಮೆರಾ ಅವತ್ತಿನಿಂದ ಕೆಟ್ಟೇ ಇಲ್ಲ. ಇನ್ನೊಮ್ಮೆ ಕೈಯಾರೆ ಕೆಡವಲು ನಮ್ಮಿಬ್ಬರಿಗೂ ಧೈರ್ಯವಿಲ್ಲ. ಕುರನೂರ ಡ್ಯಾಮಿನ ದಂಡೆಯಲ್ಲಿ ಒಂದು ಜೋಡಿಯ ಫೋಟೊ ಹೊಡೆಯುವಾಗ ಕಾಲು ಜಾರಿ ಕ್ಯಾಮೆರಾ ಸಮೇತ ನೀರಿಗೆ ಬಿದ್ದೆ. ಎತ್ತಿ ಒರೆಸಿ ಬಿಸಿಲಿಗಿಟ್ಟೆ, ಸಂಜೆಗೆ ಚೆನ್ನಾಗಿ ನಡೆಯಿತು. ಇಷ್ಟು ವರ್ಷ ನನ್ನ ಹೊಟ್ಟೆಯ ಮೇಲೆ ಹೊಡೆದ ಯಂತ್ರ ಈಗ ಕೈಹಿಡಿದು ನಡೆಸುತ್ತಿದೆ, ಅದನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಸಂಜೆ ಚೀಲ ಇಳಿಸುವಾಗ ವೈನಿ ನೀರಿನ ತಂಬಿಗೆ ಹಿಡಿದು ಬಾಗಿಲಲ್ಲೇ ಕೇಳುತ್ತಾಳೆ: "ಕೆಟ್ಟದೇನೋ ತಮ್ಮಾ?"

"ಇಲ್ಲ ವೈನಿ. ಚಲೋ ನಡದದ" ಎನ್ನುತ್ತೇನೆ. ಅವಳು ರಸ್ತೆಯ ಕಡೆ ಒಮ್ಮೆ ನೋಡಿ ಒಳಗೆ ಹೋಗುತ್ತಾಳೆ. ನಾನು ಕಾಲು ತೊಳೆಯುವ ನೆಪದಲ್ಲಿ ಸ್ವಲ್ಪ ಹೊತ್ತು ಹೊರಗೇ ನಿಂತು ಅತ್ತುಬಿಡುತ್ತೇನೆ.