ಟೇಪು ಮುಟ್ಟದ ಅಂಗಿ

ನನಗೆ ಕೋಪ ಬೇಗ ಬರುತ್ತದೆ. ಕುಣಿಗಲ್ಲಿನ ನಮ್ಮ ಅಬ್ಬಾನ ಟೈಲರ್ ಅಂಗಡಿಯಲ್ಲಿ ಬೆಳೆದವಳು ನಾನು. ಅಲ್ಲಿ ಅರ್ಧ ಇಂಚು ತಪ್ಪಿದರೂ ಮರದ ಸ್ಕೇಲು ಮಾತಾಡುತ್ತಿತ್ತು. ತೊಂಬತ್ತರ ದಶಕದ ನಡುವಿನಲ್ಲಿ, ಹುಲಿಯೂರುದುರ್ಗದ ಆಚೆ ಬೆಟ್ಟದ ಮಗ್ಗುಲಿನ ಹಳ್ಳಿಯೊಂದರ ಹೆಂಗಸರಿಗೆ ಆರು ತಿಂಗಳು ಹೊಲಿಗೆ ಕಲಿಸುವ ಸರ್ಕಾರಿ ಯೋಜನೆಯ ಕೆಲಸ ಸಿಕ್ಕಾಗ ಆ ಸ್ಕೇಲನ್ನೂ ಬ್ಯಾಗಿಗೆ ತುರುಕಿಕೊಂಡೇ ಹೊರಟೆ. ಬಸ್ಸಿಳಿದ ಮೇಲೆ ಬಂಡೆಗಳ ನಡುವೆ ಮುಕ್ಕಾಲು ಗಂಟೆ ಹತ್ತಬೇಕು. ಊರ ಭಜನೆ ಮನೆಯೇ ತರಗತಿ. ಎಂಟು ಜನ ಹೆಂಗಸರು, ನಾಲ್ಕು ಮಿಷನ್ನು. ಪರೀಕ್ಷೆಯಲ್ಲಿ ಪಾಸಾದವರಿಗೆ ಒಂದೊಂದು ಮಿಷನ್ನು ಸ್ವಂತಕ್ಕೇ ಕೊಡುತ್ತಾರೆ ಎಂದು ಹೇಳಿದ್ದರು.

ಎಂಟು ಜನರಲ್ಲಿ ನನ್ನ ತಲೆ ತಿಂದವಳು ಒಬ್ಬಳೇ. ಜಲ್ಲಿ ಕ್ವಾರಿಯಲ್ಲಿ ಕಲ್ಲು ಒಡೆಯುತ್ತಿದ್ದವಳು, ಎದೆಗೆ ಧೂಳು ಹೊಕ್ಕು ಸದಾ ಕೆಮ್ಮುತ್ತಿದ್ದಳು. "ಪಾಸಾಗ್ಲಿಲ್ಲಾಂದ್ರೆ ತಿರ್ಗಾ ಸುತ್ಗೇನೇ ಕಣಮ್ಮಾ" ಎಂದು ಮೊದಲ ದಿನವೇ ಹೇಳಿದಳು. ಅಂಥವಳು ಟೇಪು ಹಿಡಿಯಬೇಕೋ ಬೇಡವೋ? ಊಹೂಂ! ಬಟ್ಟೆ ಹರಡಿಕೊಂಡು ಹೆಬ್ಬೆರಳು, ಕಿರುಬೆರಳು ಚಾಚಿ ಗೇಣು ಹಾಕುತ್ತಾ ಕೂತಿರುತ್ತಿದ್ದಳು.

"ಏನ್ಲೇ ಇದು? ಅಂಗಿ ಹೊಲೀತಿದೀಯೋ, ಸೊಪ್ಪಿಗೆ ಪಾತಿ ಮಾಡ್ತಿದೀಯೋ?" ಎಂದು ಕೂಗುತ್ತಿದ್ದೆ.

"ನನ್ ಗೇಣು ಸುಳ್ಳೇಳಾಕಿಲ್ಲ ಕಣಮ್ಮಾ."

"ನಿನ್ ಗೇಣಿನ ಮೇಲೆ ಇಂಚು ಬರ್ದಿದಾರಾ?" ಎಂದು ಸ್ಕೇಲಿನಿಂದ ಮಿಷನ್ನಿನ ಹಲಗೆಗೆ ಫಟ್ಟನೆ ಬಾರಿಸುತ್ತಿದ್ದೆ. ಅವಳು ಐದು ನಿಮಿಷ ಟೇಪು ಹಿಡಿದು, ನಾನು ಆಚೆ ತಿರುಗಿದ ಕೂಡಲೇ ಮತ್ತೆ ಗೇಣಿಗೆ ಬರುತ್ತಿದ್ದಳು.

ರವಿಕೆ, ಲಂಗ ಹೇಗೋ ದಾಟಿದವು. ಗಂಡಸರ ತುಂಬುತೋಳಿನ ಅಂಗಿಗೆ ಬಂದಾಗ, ಹೆಂಗಸರು ಗಂಡಸರ ಮೈ ಅಳೆಯುವುದೇ ಎಂದು ಊರೇ ಎದ್ದು ನಿಂತಿತು. ಮುಂದಾಳು ಇವಳ ಮಾವನೇ. ಬಿಳಿ ಮೀಸೆ, ಬಿಳಿ ಪಂಚೆ, ಅಂಗಿಯ ಎಡತೋಳನ್ನು ಮಾತ್ರ ಒಂದು ಸುತ್ತು ಮಡಿಸಿಕೊಂಡು ಓಡಾಡುತ್ತಿದ್ದರು. ಏನು ಠೀವಿ ಈ ಮುದುಕನದು ಎಂದು ನನಗೆ ಆ ಮಡಿಕೆ ಕಂಡರೇ ಉರಿಯುತ್ತಿತ್ತು.

"ಮಣ್ಗಿಡೋವಾಗ ಅಳೀತಾರೆ. ಬದ್ಕಿರೋನ್ನ ಹೆಂಗಸ್ರು ಅಳೀತಾರಾ?" ಎಂದರು.

"ದುರ್ಗದ ಟೈಲರ್ ನಿಮ್ಮನ್ನ ಅಳೆಯಲ್ವಾ?"

"ಅವ್ನು ಗಂಡ್ಸು" ಎಂದವರೇ ಮೀಸೆ ಒರೆಸಿಕೊಂಡು ಹೊರಟರು.

ಕೊನೆಗೆ ರಾಗಿ ಹೊಲದಲ್ಲಿ ಹಕ್ಕಿ ಬೆದರಿಸಲು ನಿಲ್ಲಿಸಿದ್ದ ಬೆರ್ಚಪ್ಪನನ್ನು ಕಿತ್ತು ತಂದೆವು. ಆ ಮಹಾಶಯನಿಗೆ ಕತ್ತಿಲ್ಲ, ಸೊಂಟ ಒಂದು ಗಳದಷ್ಟು, ಕೈ ಯಾವಾಗಲೂ ಅಗಲಕ್ಕೆ. ಒಂದು ತಿಂಗಳು ಅವನ ಮೇಲೇ ಅಭ್ಯಾಸ ನಡೆಯಿತು. ಹುಲ್ಲು ತುಂಬಿದ ಎದೆಯನ್ನು ಮುಟ್ಟಲೂ ಆ ಹೆಂಗಸರು ನಾಚಿಕೊಂಡು ಕಿಸಕಿಸ ನಗುತ್ತಿದ್ದರು. ಯಾ ಅಲ್ಲಾ, ನನ್ನ ತಾಳ್ಮೆಯೇ!

ಪರೀಕ್ಷೆಯ ದಿನ ತುಮಕೂರಿನಿಂದ ಬಂದ ಪರೀಕ್ಷಕರು ಬೆಟ್ಟ ಹತ್ತಿದ ಏದುಸಿರಿನಲ್ಲೇ ಬೆರ್ಚಪ್ಪನನ್ನು ನೋಡಿದರು. "ಇದನ್ನ ಆಚೆ ಹಾಕಿ. ಜೀವ ಇರೋ ಗಂಡಸನ್ನ ಕರ್ಕೊಂಡ್ಬನ್ನಿ."

ಹೀಗಾದೀತೆಂದು ಉಳಿದ ಏಳು ಹೆಂಗಸರು ಮೊದಲೇ ತವರಿನ ಅಣ್ಣತಮ್ಮಂದಿರನ್ನು ಬೈದು, ಗೋಗರೆದು ಕರೆಸಿಕೊಂಡಿದ್ದರು. ಇವಳಿಗೆ ಅಣ್ಣನೂ ಇಲ್ಲ, ತಮ್ಮನೂ ಇಲ್ಲ. ಗಂಡನೋ, ಅಪ್ಪನಿಗೆ ಹೆದರಿ ಬೆಳಿಗ್ಗೆಯೇ ಆಡು ಹೊಡೆದುಕೊಂಡು ಬೆಟ್ಟದ ಆಚೆ ಬದಿಗೆ ಮಾಯವಾಗಿದ್ದ. ಮಾವ ಮಾತ್ರ ಹುಣಸೆಮರದ ಕೆಳಗಿನ ಕಲ್ಲಿನ ಮೇಲೆ ಕೂತು ನೋಡುತ್ತಿದ್ದರು. ಪರೀಕ್ಷಕರೇ ಕರೆದರೂ ಜಪ್ಪಯ್ಯ ಅನ್ನಲಿಲ್ಲ. ಅವಳ ಕೈಗೆ ಮತ್ತೆ ಸುತ್ತಿಗೆ ಬರುತ್ತದಲ್ಲಾ!

ಅವಳು ಬಾಗಿಲ ಹಿಂದೆ ಸರಿದು ನಿಂತಳು. ಮಾವನ ಕಣ್ಣೆದುರು ಸೊಸೆ ನಿಲ್ಲುವ ಪದ್ಧತಿ ಆ ಊರಲ್ಲಿಲ್ಲ. "ಮಾವಂದೇ ಹೊಲೀತೀನಿ ಸಾ. ಟೇಪು ಬ್ಯಾಡ. ಹನ್ನೆಲ್ಡು ವರ್ಸದಿಂದ ಅವ್ರ ಅಂಗಿ ಒಗ್ದು ಒಣಗಾಕ್ತಾ ಇದೀನಿ, ಅಳತೆ ನನ್ ಗೇಣಲ್ಲೈತೆ."

"ಹೊಲಿಯಮ್ಮ. ಆದ್ರೆ ಅವರೇ ತೊಟ್ಟು ತೋರಿಸ್ಬೇಕು" ಎಂದರು ಪರೀಕ್ಷಕರು.

ಮಧ್ಯಾಹ್ನ ಮೂರಕ್ಕೆ ಅಂಗಿ ಸಿದ್ಧವಾಯಿತು. ಪರೀಕ್ಷಕರು ಅದನ್ನು ಹಲಗೆಯ ಮೇಲೆ ಹರಡಿ ಟೇಪು ಹಿಡಿದರು. ಎಡತೋಳು ಬಲತೋಳಿಗಿಂತ ಒಂದೂವರೆ ಇಂಚು ಗಿಡ್ಡ! ಅವರು ನಕ್ಕು ಕೆಂಪು ಪೆನ್ನು ತೆಗೆದರು. ನನಗೆ ತಲೆ ಕೆಟ್ಟುಹೋಯಿತು.

"ಬಡ್ಕೊಂಡೆ ಕಣೇ, ಟೇಪು ಹಿಡಿ ಟೇಪು ಹಿಡಿ ಅಂತ! ಹಾಳು ಮಾಡ್ಕೊಂಡ್ಯಲ್ಲೇ!" ಎಂದು ಅಷ್ಟು ಜನರೆದುರೇ ಕಿರುಚಿದೆ. ಕಣ್ಣಲ್ಲಿ ನೀರೂ ಬಂತು.

"ತೊಡ್ಸಿ ನೋಡಿ ಸಾ" ಎಂದಿತು ಬಾಗಿಲ ಹಿಂದಿನ ದನಿ.

ಮಾವ ಎದ್ದು ಬಂದರು. "ಅಳೀಬಾರ್ದು ಅಂದೆ. ತೊಡಬಾರ್ದು ಅಂದ್ನಾ?" ಎನ್ನುತ್ತಾ ಹಳೇ ಅಂಗಿ ಬಿಚ್ಚಿದರು. ಆಗ ಕಂಡಿತು. ಎಂದೋ ಕ್ವಾರಿಯಲ್ಲಿ ಮುರಿದು, ಸೊಟ್ಟಗೆ ಕೂಡಿಕೊಂಡ ಎಡಗೈ, ಬಲಗೈಗಿಂತ ಗಿಡ್ಡ. ಹೊಸ ಅಂಗಿ ತೊಟ್ಟು, ಅಭ್ಯಾಸದಂತೆ ಎಡತೋಳು ಮಡಿಸಲು ಬಲಗೈ ಚಾಚಿದರು. ಮಡಿಸಲು ಏನೂ ಇರಲಿಲ್ಲ. ಎರಡೂ ತೋಳು ಸರಿಯಾಗಿ ಮಣಿಕಟ್ಟಿಗೇ ಬಂದು ನಿಂತಿದ್ದವು.

ಬಲಗೈಯಿಂದ ಆ ತೋಳಿನ ಅಂಚನ್ನೊಮ್ಮೆ ಸವರಿದರು. ಆಮೇಲೆ ಬಾಗಿಲ ಕಡೆ ನೋಡದೆಯೇ ಕೇಳಿದರು, "ನಾಚ್ಕೆ ಆಯ್ತದೆ ಅಂತ ಯಾವ್ ಟೈಲರ್ಗೂ ಯೋಳಿಲ್ಲ ನಾನು. ನಿಂಗ್ಯಾರೇಳುದ್ರವ್ವಾ?"

"ಯಾರೂ ಯೋಳಿಲ್ಲ ಮಾವ. ಆ ಮಡಿಕೆ ಬಿಚ್ಚಿ ಒಗ್ಯೋಳು ನಾನೇ ಅಲ್ವಾ."

ನಾನು ಸ್ಕೇಲನ್ನು ಮೆಲ್ಲಗೆ ಬ್ಯಾಗಿನೊಳಗೆ ಇಟ್ಟೆ. ಆರು ತಿಂಗಳು ಆ ಮಡಿಕೆಯನ್ನು ನಾನೂ ನೋಡಿದ್ದೆ, ಬರೀ ಬೈದುಕೊಂಡಿದ್ದೆ. ಟೈಲರ್ ಮಗಳಂತೆ, ಥೂ!

ಇನ್ನೊಂದು ರಗಳೆ ಉಳಿದಿತ್ತು. ಮಾದರಿ ಅಂಗಿಯನ್ನು ಚೀಟಿ ಅಂಟಿಸಿ ತುಮಕೂರಿನ ಕಚೇರಿಗೆ ಒಯ್ಯಬೇಕು. "ಬಿಚ್ಕೊಡಿ ಯಜಮಾನ್ರೇ, ನಾಲ್ಕೂವರೆ ಬಸ್ಸು ಹೋಗ್ಬಿಡುತ್ತೆ" ಎಂದು ಪರೀಕ್ಷಕರು ಗೋಗರೆದರು.

"ಬಿಚ್ಚಾಕಿಲ್ಲ" ಎಂದು ಮಾವ ಕತ್ತಿನ ಗುಂಡಿಯನ್ನೂ ಹಾಕಿಕೊಂಡರು.

ಪರೀಕ್ಷಕರು ಗಡಿಯಾರ ನೋಡಿದರು, ಮೀಸೆ ನೋಡಿದರು, ಕೊನೆಗೆ ಪೆನ್ನು ಬದಲಾಯಿಸಿ ಪಟ್ಟಿಯಲ್ಲಿ ಬರೆದರು: "ತೇರ್ಗಡೆ. ಮಾದರಿ ಅಂಗಿ ಅಭ್ಯರ್ಥಿಯ ಮಾವನವರ ಮೈಮೇಲಿದೆ."

ತಿಂಗಳ ನಂತರ ಮಿಷನ್ನು ಬಂತು, ನೋಡಲು ನಾನೂ ಹೋಗಿದ್ದೆ. ಬಸ್ ಸ್ಟಾಪಿನಿಂದ ಬೆಟ್ಟದ ದಾರಿಯುದ್ದಕ್ಕೂ ಅದನ್ನು ತಲೆಯ ಮೇಲೆ ಹೊತ್ತು ನಡೆದವರು ಆ ಮಾವನೇ. ಎರಡೂ ಕೈ ಮೇಲೆತ್ತಿ ಹಿಡಿದುಕೊಂಡಿದ್ದರು, ಅದೇ ಅಂಗಿಯ ಎರಡೂ ತೋಳಿನ ಗುಂಡಿ ಹಾಕಿಕೊಂಡಿದ್ದರು.