ಕಾರಿಗೂ ಸೋಮವಾರ ರಜೆ

ಬೆಳಿಗ್ಗೆ ಬಾನೆಟ್ ಎತ್ತಿ ಆಯಿಲ್ ಅಳೆಯುವ ಕಡ್ಡಿ ಒರೆಸುವಾಗ ಬಂದ ವಾಸನೆ ನನ್ನನ್ನು ಕುಂದಾಣದ ನಮ್ಮ ಅಂಗಳಕ್ಕೆ ಎಳೆದೊಯ್ದಿತು.

ಊರ ಹತ್ತಿರ ಏರ್‌ಪೋರ್ಟ್ ಬಂದ ಹೊಸದರಲ್ಲಿ, ಜಮೀನು ಮಾರಿದ ದುಡ್ಡಲ್ಲಿ ಊರ ತುಂಬ ಹೊಸ ಕಾರುಗಳು. ಅಪ್ಪ ಮಾತ್ರ ಎತ್ತು ಮಾರಿ ಹಳೇ ಕಾರು ತಂದಿದ್ದ. ಸೋಮವಾರ ಎಂದೂ ಎತ್ತಿಗೆ ನೊಗ ಹೂಡದವನು ಕಾರಿಗೂ ಅದೇ ರಜೆ ಕೊಟ್ಟ. ಅವತ್ತು ಆಯಿಲ್, ನೀರು, ಗಾಳಿ ನೋಡುವುದು. ಅಡಿಯ ಕೆಸರನ್ನೆಲ್ಲ ತೊಳೆಯುವುದು.

"ಈ ಡಬ್ಬಾನ ಗುಜರಿಗೆ ಹಾಕಣ್ಣ" ಎಂದು ಚಿಕ್ಕಪ್ಪ ನಗುತ್ತಿದ್ದ.

"ನಿನ್ ಹೊಸ ಕಾರಿನ ಬಾನೆಟ್ನ ಒಂದಿನಾದ್ರೂ ಎತ್ತಿದ್ದೀಯೇನ್ಲಾ?" ಅಪ್ಪ ಗದರುತ್ತಿದ್ದ.

ಚಿಕ್ಕಪ್ಪನ ಮನೆಗೆ ಎಷ್ಟೋ ಕಾರು ಬಂದು ಹೋದವು. ನಾನು ಓಡಿಸುವುದು ಇಂದಿಗೂ ಅಪ್ಪನ ಕಾರನ್ನೇ.

ಈಗಷ್ಟೇ ಚಿಕ್ಕಪ್ಪನ ಮಗ ಫೋನ್ ಮಾಡಿದ. "ನನ್ ಕಾರು ಕೈಕೊಡ್ತು, ನಿಂದು ಕೊಡು ಗುರು."

"ಇವತ್ತು ಸೋಮವಾರ ಕಣೋ. ನಮ್ ಕಾರು ಹೊರಡಲ್ಲ."